ಹಳೆಯ ಲ್ಯಾಪ್‌ಟಾಪಿನ ಜೀರ್ಣೋದ್ಧಾರ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡಿ ಹೋದವರಲ್ಲಿ ಕವಿಗಳಿದ್ದಾರೆ, ಪಂಡಿತರಿದ್ದಾರೆ, ಕನ್ನಡಕ್ಕಾಗಿ ಕಾಲು ಸವೆಸಿದ ಕಾರ್ಯಕರ್ತರಿದ್ದಾರೆ. ನಾವಾದರೋ ಓದಿದ್ದು ಬಿ.ಕಾಂ.; ಹೊಟ್ಟೆಪಾಡಿಗೆ ಹಿಡಿದದ್ದು ಬ್ಯಾಂಕಿನ ಗುಮಾಸ್ತಗಿರಿ. ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ನಿಂತು ಹೋಗಿ, ದಿನವೆಲ್ಲ ಶಿಲ್ಕು ತಾಳೆ ನೋಡಿ, ಸಂಜೆ ಮತ್ತೆ ನಿಂತೇ ಮನೆಗೆ ಬರುವವರು. ಇಂಥವರನ್ನು ಕರೆದು “ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಸಂಗತಿಯನ್ನು ಹೇಳಿರಿ” ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ರಾಜ್ಯೋತ್ಸವದ ದಿನಗಳಲ್ಲಿ ಯಂತ್ರದ ಮಾತು ಯಾತಕ್ಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸುತ್ತಿರಬಹುದು. ದಯಮಾಡಿ ಕೊನೆಯ ತನಕ ತಾಳಿಕೊಳ್ಳಬೇಕು. ಕನ್ನಡದ ಮಾತು ಕೊನೆಯಲ್ಲಿ ತಾನಾಗಿಯೇ ಬರುತ್ತದೆ.

ನಮ್ಮ ಸಂಘದ ಕಚೇರಿಯಲ್ಲಿರುವ ಲ್ಯಾಪ್‌ಟಾಪನ್ನು ತಾವೆಲ್ಲರೂ ಬಲ್ಲಿರಿ. 2013ರಲ್ಲಿ ಕೊಂಡದ್ದು. ನಾಲ್ಕು ಜಿ.ಬಿ. ರ‍್ಯಾಮು, ಐನೂರು ಜಿ.ಬಿ. ಹಾರ್ಡ್‌ಡಿಸ್ಕು. ಭಾನುವಾರದ ಕನ್ನಡ ತರಗತಿಗೆ ಪಾಠ ಬರೆದದ್ದು, ಸದಸ್ಯರ ಪಟ್ಟಿ ಇಟ್ಟದ್ದು, ಸಂಚಿಕೆಗಳಿಗೆ ಅಕ್ಷರ ಜೋಡಿಸಿದ್ದು ಎಲ್ಲವೂ ಅದರಲ್ಲಿಯೇ. ಈಚಿನ ವರ್ಷಗಳಲ್ಲಿ ಅದರ ಗುಂಡಿ ಒತ್ತಿ, ಚಹಾ ಕಾಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆ ಪೂರ್ತಿಯಾಗಿ ಮೂಡಿರುತ್ತಿರಲಿಲ್ಲ. 2025ರಲ್ಲಿ ಅದರ ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರತೊಡಗಿತು. ಕಾರ್ಯಕಾರಿ ಸಮಿತಿಯಲ್ಲಿ ಮಾತು ಬಂದು, ಅದನ್ನು ಭಂಗಾರದವನಿಗೆ ಹಾಕಿ ಹೊಸದನ್ನು ಕೊಳ್ಳುವುದೆಂದು ಬಹುತೇಕ ನಿಶ್ಚಯವಾಯಿತು. ಭಂಗಾರದವನು ಹೇಳಿದ ಬೆಲೆಗೆ ಅಂದಿನ ಸಭೆಯ ಚಹಾ ಬಿಸ್ಕೀಟಿನ ಖರ್ಚೂ ಹುಟ್ಟುತ್ತಿರಲಿಲ್ಲ. ಹೊಸದರ ಬೆಲೆಯನ್ನು ಕೇಳಿ ನಮ್ಮ ಕೋಶಾಧ್ಯಕ್ಷರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಅದರ ಅರ್ಥವೇನೆಂಬುದು ಸಮಿತಿಯವರಿಗೆಲ್ಲ ಗೊತ್ತು.

ಮೊದಲು ಆ ಎಚ್ಚರಿಕೆ ಏನೆಂಬುದನ್ನು ಹೇಳಿಬಿಡುತ್ತೇವೆ. ಆ ಯಂತ್ರದಲ್ಲಿದ್ದದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಕಂಪನಿಯು 2015ರಲ್ಲಿ ಹೊರತಂದ ಈ ವ್ಯವಸ್ಥೆಗೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ ತನಕ ಒಂದು ಹೆಚ್ಚಿನ ಗಡುವನ್ನು ಕಂಪನಿಯವರು ಗೊತ್ತುಮಾಡಿದರು. ಬೆಂಬಲ ಮುಗಿಯಿತೆಂದರೆ ಯಂತ್ರ ನಿಂತುಹೋಗುತ್ತದೆ ಎಂದಲ್ಲ. ಹೊಸದಾಗಿ ಕಂಡುಬರುವ ದೋಷಗಳಿಗೆ ತೇಪೆ ಹಾಕಿ ಕಳಿಸುವವರು ಇರುವುದಿಲ್ಲ, ಅಷ್ಟೆ. ಬೀಗ ಹಳತಾಯಿತು, ಅದರ ಗುಟ್ಟು ಕಳ್ಳರಿಗೆ ತಿಳಿಯಿತು, ರಿಪೇರಿಯವನು ಮಾತ್ರ ಊರು ಬಿಟ್ಟುಹೋದ ಎಂಬಂತಹ ಸ್ಥಿತಿ. ಸರಿ, ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಕೇಳುವ ಟಿ.ಪಿ.ಎಂ. 2.0 ಎಂಬ ಭದ್ರತೆಯ ಭಾಗವೂ, ಹೊಸ ತಲೆಮಾರಿನ ಪ್ರೊಸೆಸರೂ ನಮ್ಮ 2013ರ ಯಂತ್ರದಲ್ಲಿಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೆಯ ತಲೆಮಾರಿನಿಂದ ಈಚಿನದಾಗಿರಬೇಕು, ನಮ್ಮದು 3ನೆಯದು. ಪರದೆ ಚೆನ್ನಾಗಿದೆ, ಕೀಬೋರ್ಡಿನ ಅಕ್ಷರಗಳು ಮಾಸಿದ್ದರೂ ಕೆಲಸ ಮಾಡುತ್ತವೆ, ಲೆಕ್ಕ ಮಾಡುವ ಶಕ್ತಿಯೂ ಕುಂದಿಲ್ಲ. ಆದರೂ ಯಂತ್ರವು ನಿವೃತ್ತಿಗೆ ಸಿದ್ಧವಾಗಿತ್ತು. ಇದು ನಮ್ಮ ಮನಸ್ಸಿಗೆ ಸರಿ ಕಾಣಲಿಲ್ಲ. “ಒಂದು ತಿಂಗಳು ನಮಗೆ ಕೊಡಿರಿ, ಆಗದಿದ್ದರೆ ಭಂಗಾರದವನು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಕೇಳಿಕೊಂಡೆವು.

ಇನ್ನು ಲಿನಕ್ಸ್ ಎಂದರೇನು? ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನುಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆದು ಲೋಕಕ್ಕೆ ಬಿಟ್ಟ ತಿರುಳು ಅದು. ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಒಳಭಾಗವೇ ಈ ತಿರುಳು. ಅದಕ್ಕಿಂತ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶಗಳನ್ನು ಕಟ್ಟುವ ಗ್ನೂ ಎಂಬ ಯೋಜನೆಯನ್ನು ಸಾರಿದ್ದರು. ಇವೆರಡೂ ಕೂಡಿ ಒಂದು ಪೂರ್ಣ ವ್ಯವಸ್ಥೆಯಾಯಿತು. ತಿರುಳಿಗೆ ಬೇಕಾದ ತಂತ್ರಾಂಶಗಳನ್ನು ಜೋಡಿಸಿ, ಬಳಸಲು ಸಿದ್ಧಮಾಡಿ ಕೊಡುವ ಒಂದೊಂದು ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. 1993ರಲ್ಲಿ ಡೆಬಿಯನ್ ಹುಟ್ಟಿತು. ಡೆಬಿಯನ್ನಿನ ತಳಹದಿಯ ಮೇಲೆ 2004ರಲ್ಲಿ ಉಬುಂಟು. ಉಬುಂಟುವಿನ ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್. ಹೀಗೆ ಒಕ್ಕಲು ಬೆಳೆಯುತ್ತ ಹೋಗಿ ಈಗ ನೂರಾರು ಆಗಿವೆ. ನಮ್ಮ ದೇಶದಲ್ಲಿಯೂ ಸಿಡ್ಯಾಕ್ ಸಂಸ್ಥೆಯವರು ಡೆಬಿಯನ್ನನ್ನೇ ಆಧಾರವಾಗಿಟ್ಟುಕೊಂಡು ಬಾಸ್ ಎಂಬುದನ್ನು ಸಿದ್ಧಪಡಿಸಿದ್ದಾರೆ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲಿಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ಇಷ್ಟೊಂದು ಯಾಕೆ ಎಂದು ಗಾಬರಿಯಾಗಬೇಕಾಗಿಲ್ಲ. ಕನ್ನಡ ಒಂದೇ, ಆದರೆ ಧಾರವಾಡದವರ ಮಾತು ಒಂದು ಬಗೆ, ಕುಂದಾಪುರದವರದು ಇನ್ನೊಂದು, ಮೈಸೂರಿನವರದು ಮತ್ತೊಂದು. ನಮ್ಮ ಸಂಘದ ಒಂದೇ ಪಂಕ್ತಿಯಲ್ಲಿ ಮೂರೂ ಕೇಳಿಬರುತ್ತವೆ, ಊಟಕ್ಕೇನೂ ತೊಡಕಾಗುವುದಿಲ್ಲ. ಡಿಸ್ಟ್ರಿಬ್ಯೂಷನ್ನುಗಳ ಸಂಬಂಧವೂ ಹೆಚ್ಚು ಕಡಿಮೆ ಹಾಗೆಯೇ. ಆದುದರಿಂದ “ಎಲ್ಲಕ್ಕಿಂತ ಶ್ರೇಷ್ಠವಾದದ್ದು ಯಾವುದು?” ಎಂದು ಕೇಳುತ್ತ ಹೊರಟರೆ ಉತ್ತರ ಸಿಕ್ಕುವುದಿಲ್ಲ, ಜಗಳ ಸಿಕ್ಕುತ್ತದೆ. ನಾವು ಎರಡು ವಾರ ಹಾಗೆ ಕೇಳಿಯೇ ಕಾಲ ಕಳೆದೆವು. ಆಮೇಲೆ ಬುದ್ಧಿ ಬಂದು, ಸಾಲ ಕೊಡುವ ಮೊದಲು ಅರ್ಜಿದಾರರನ್ನು ಪ್ರಶ್ನೆ ಕೇಳುವಂತೆ, ಯಂತ್ರವನ್ನೇ ನಾಲ್ಕು ಪ್ರಶ್ನೆ ಕೇಳಿದೆವು.

ಮೊದಲನೆಯದು, ಪ್ರೊಸೆಸರು 64 ಬಿಟ್ಟಿನದೋ, 32 ಬಿಟ್ಟಿನದೋ? ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ‘ಸಿಸ್ಟಮ್’, ಅದರೊಳಗೆ ‘ಅಬೌಟ್’ ಎಂದು ನೋಡಿದರೆ ತಿಳಿಯುತ್ತದೆ. ಅಲ್ಲಿ ಒಂದು ಸೂಕ್ಷ್ಮವಿದೆ. ಹಾಕಿರುವ ವಿಂಡೋಸು 32 ಬಿಟ್ಟಿನದಾಗಿದ್ದರೂ ಪ್ರೊಸೆಸರು 64ರದಾಗಿರಬಹುದು. ನೋಡಬೇಕಾದದ್ದು ಪ್ರೊಸೆಸರಿನ ಮಾತನ್ನು. ನಿಜವಾಗಿ 32 ಬಿಟ್ಟಿನ ಯಂತ್ರವಾದರೆ ದಾರಿ ಇಕ್ಕಟ್ಟು. ಉಬುಂಟು, ಮಿಂಟ್‌ಗಳ ಈಗಿನ ಆವೃತ್ತಿಗಳು ಅದರಲ್ಲಿ ನಡೆಯುವುದಿಲ್ಲ. ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಿಂದ 32 ಬಿಟ್ಟಿನ ಇನ್‌ಸ್ಟಾಲರನ್ನು ಕೈಬಿಟ್ಟಿತು. 2023ರ ಆಂಟಿಎಕ್ಸ್‌ನಂತಹ ಕೆಲವನ್ನೇ ಹುಡುಕಬೇಕಾಗುತ್ತದೆ.

ಎರಡನೆಯದು, ರ‍್ಯಾಮು ಎಷ್ಟು? ಎಂಟು ಜಿ.ಬಿ. ಇದ್ದರೆ ಯಾವುದಾದರೂ ಸರಿಯೇ. ನಾಲ್ಕು ಇದ್ದರೆ ಹಗುರವಾದ ಹೊರರೂಪವನ್ನು ಆರಿಸಿಕೊಳ್ಳಬೇಕು. ಲಿನಕ್ಸಿನಲ್ಲಿ ತಿರುಳು ಒಂದೇ ಆದರೂ ಕಣ್ಣಿಗೆ ಕಾಣುವ ಮೆನು, ಕಿಟಕಿ, ಪಟ್ಟಿಗಳ ಹೊರರೂಪ ಬೇರೆ ಬೇರೆ. ಮಿಂಟ್ ಒಂದರಲ್ಲಿಯೇ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ಬಗೆ. ಇವುಗಳಲ್ಲಿ ಎಕ್ಸ್‌ಎಫ್‌ಸಿಇ ಎಲ್ಲಕ್ಕಿಂತ ಹಗುರ. ಮಿಂಟಿನವರು ಕನಿಷ್ಠ ಎರಡು ಜಿ.ಬಿ. ರ‍್ಯಾಮು ಇರಬೇಕು, ನಾಲ್ಕಿದ್ದರೆ ಹಾಯಾಗಿರುತ್ತದೆ ಎನ್ನುತ್ತಾರೆ. ಎರಡೇ ಜಿ.ಬಿ. ಇದ್ದರೆ ಲುಬುಂಟು, ಆಂಟಿಎಕ್ಸ್ ಮುಂತಾದವನ್ನು ನೋಡತಕ್ಕದ್ದು. ಆಗಲೂ ಬ್ರೌಸರಿನಲ್ಲಿ ಹತ್ತು ಪುಟಗಳನ್ನು ಒಟ್ಟಿಗೆ ತೆರೆಯುವ ಆಸೆಯನ್ನು ಬಿಡಬೇಕು. ಯಂತ್ರವನ್ನು ನಿಧಾನ ಮಾಡುವುದು ಈ ಕಾಲದಲ್ಲಿ ಲಿನಕ್ಸಿಗಿಂತಲೂ ವಿಂಡೋಸಿಗಿಂತಲೂ ಹೆಚ್ಚಾಗಿ ಬ್ರೌಸರೇ.

ಮೂರನೆಯದು, ಡಿಸ್ಕು ಯಾವುದು? ಹಳೆಯ ಲ್ಯಾಪ್‌ಟಾಪುಗಳಲ್ಲಿ ಗರಗರ ತಿರುಗುವ ಹಾರ್ಡ್‌ಡಿಸ್ಕು ಇರುತ್ತದೆ. ಅದರ ಜಾಗದಲ್ಲಿ ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಹಾಕಿದರೆ ಆಗುವ ವ್ಯತ್ಯಾಸವನ್ನು ಬೇರೆ ಯಾವ ಉಪಾಯವೂ ಮಾಡಲಾರದು. ನಾವು ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದು, ಎರಡೂವರೆ ಇಂಚಿನ ಸಾಟಾ ಎಸ್.ಎಸ್.ಡಿ.ಯೊಂದನ್ನು ತಂದೆವು. ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲಿ ಅದು ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಕೋಶಾಧ್ಯಕ್ಷರು ಆ ರಸೀತಿಗೆ ಮರುಮಾತಿಲ್ಲದೆ ಸಹಿ ಹಾಕಿದರು.

ನಾಲ್ಕನೆಯದು, ಯಾರು ಕೂತು ಕೆಲಸ ಮಾಡುವವರು? ಇದೇ ಮುಖ್ಯವಾದದ್ದು. ನಮ್ಮ ಕಚೇರಿಯ ಯಂತ್ರದ ಮುಂದೆ ಕೂರುವವರು ಎಪ್ಪತ್ತು ದಾಟಿದ ಹಿರಿಯರು ಹಾಗೂ ಭಾನುವಾರ ಬರುವ ಮಕ್ಕಳು. ಅವರಿಗೆ ಎಡಗಡೆ ಕೆಳಗೆ ಮೆನು ಇರಬೇಕು, ಬರೆದದ್ದು ಸುಲಭವಾಗಿ ಸಿಕ್ಕಬೇಕು, ಆರು ತಿಂಗಳಿಗೊಮ್ಮೆ ಎಲ್ಲವೂ ಬದಲಾಗಬಾರದು. ಆದುದರಿಂದ ದೀರ್ಘಕಾಲದ ಬೆಂಬಲವಿರುವ ಆವೃತ್ತಿಯನ್ನೇ ತೆಗೆದುಕೊಳ್ಳಬೇಕು. ಮಿಂಟಿನ 22ನೆಯ ಸಾಲಿಗೆ 2029ರ ತನಕ ಬೆಂಬಲವುಂಟು. ಈ ನಾಲ್ಕೂ ಉತ್ತರಗಳನ್ನು ಕೂಡಿಸಿ ನೋಡಿದಾಗ ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ ರೂಪ ಎಂದು ನಿರ್ಧಾರವಾಯಿತು. ತಮ್ಮ ಮನೆಯ ಯಂತ್ರದ ಉತ್ತರ ಬೇರೆಯಾದರೆ ಆಯ್ಕೆಯೂ ಬೇರೆಯಾಗಬೇಕು.

ಒಳ್ಳೆಯದನ್ನಷ್ಟೇ ಹೇಳಿ ಕೊರತೆಯನ್ನು ಮುಚ್ಚಿಡುವುದು ಗುಮಾಸ್ತರ ಧರ್ಮವಲ್ಲ. ಮೈಕ್ರೋಸಾಫ್ಟಿನ ವರ್ಡ್, ಎಕ್ಸೆಲ್ ಲಿನಕ್ಸಿನಲ್ಲಿ ಇರುವುದಿಲ್ಲ; ಲಿಬ್ರೆ ಆಫೀಸ್ ಇರುತ್ತದೆ. ಅದು ಆ ಕಡತಗಳನ್ನು ತೆರೆಯುತ್ತದೆ, ಆದರೆ ಪುಟದ ಜೋಡಣೆ ಅಲ್ಲಲ್ಲಿ ಸರಿದೀತು. ಟ್ಯಾಲಿಯಲ್ಲಿ ವ್ಯಾಪಾರದ ಲೆಕ್ಕವಿಡುವವರು, ಡಿಜಿಟಲ್ ಸಹಿಯ ಕಡ್ಡಿಯನ್ನು ಚುಚ್ಚಿ ಸರಕಾರದ ಕೆಲಸ ಮಾಡುವವರು, ಇವರು ಅವಸರ ಮಾಡಬಾರದು. ತಮ್ಮ ಕೆಲಸದ ತಂತ್ರಾಂಶ ನಡೆಯುತ್ತದೆಯೇ ಎಂದು ವಿಚಾರಿಸಿಯೇ ಮುಂದುವರಿಯಬೇಕು. ಪ್ರಿಂಟರಿನದೂ ಇದೇ ಮಾತು.

ಈಗ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದ ಒಂದು ಸಂಗತಿ ಇದೆ. ಸಂಘದ ಯಂತ್ರಕ್ಕೆ ಕೈಹಚ್ಚುವ ಮೊದಲು ನಾವು ನಮ್ಮ ಮನೆಯ ಲ್ಯಾಪ್‌ಟಾಪಿನ ಮೇಲೆ ಈ ವಿದ್ಯೆಯನ್ನು ಪ್ರಯೋಗಿಸಿದ್ದೆವು. ಅದರಲ್ಲಿ ‘ಸಿ’ ಎಂದೂ ‘ಡಿ’ ಎಂದೂ ಎರಡು ವಿಭಾಗಗಳಿದ್ದವು. ನಾವು ಬುದ್ಧಿವಂತರೆಂದುಕೊಂಡು ‘ಸಿ’ಯಲ್ಲಿದ್ದ ಫೋಟೋಗಳನ್ನೆಲ್ಲ ‘ಡಿ’ಗೆ ನಕಲು ಮಾಡಿ ನಿಶ್ಚಿಂತರಾದೆವು. ಇನ್‌ಸ್ಟಾಲ್ ಮಾಡುವಾಗ ‘ಇರೇಸ್ ಡಿಸ್ಕ್’ ಎಂಬ ಮಾತು ಕಂಡಿತು. ಅಳಿಸುವುದು ವಿಂಡೋಸ್ ಇರುವ ‘ಸಿ’ಯನ್ನು ಮಾತ್ರ ಎಂದು ತಿಳಿದು ಒತ್ತಿಬಿಟ್ಟೆವು. ಡಿಸ್ಕು ಎಂದರೆ ಇಡೀ ಡಿಸ್ಕು. ಸಿಯೂ ಡಿಯೂ ಅದರೊಳಗಿನ ಎರಡು ಕೋಣೆಗಳು. ಬ್ಯಾಂಕಿನಲ್ಲಿ ಕಪಾಟಿನ ಎರಡನೆಯ ಕೀಲಿಯನ್ನು ಅದೇ ಕಪಾಟಿನಲ್ಲಿ ಯಾರಾದರೂ ಇಡುತ್ತಾರೆಯೇ? ನಾವು ಇಟ್ಟೆವು. ಹತ್ತು ನಿಮಿಷದಲ್ಲಿ ಎರಡು ವರ್ಷದ ಫೋಟೋಗಳು ಹೋದವು. ನಮ್ಮ ತಂದೆಯವರು ನಮ್ಮೊಡನೆ ಇದ್ದ ಕೊನೆಯ ದೀಪಾವಳಿ ಅವುಗಳಲ್ಲಿತ್ತು. ಆಮೇಲೆ ಫೋಟೋರೆಕ್ ಎಂಬ ಸಾಧನವನ್ನು ಮೂರು ರಾತ್ರಿ ಓಡಿಸಿ ಸ್ವಲ್ಪ ಭಾಗವನ್ನು ಹಿಂದಕ್ಕೆ ತಂದೆವು; ಅವು ಹೆಸರೂ ತಾರೀಖೂ ಇಲ್ಲದೆ ಚೆಲ್ಲಾಪಿಲ್ಲಿಯಾಗಿ ಬಂದವು. ತಂದೆಯವರ ಮುಖ ಅವುಗಳಲ್ಲಿ ಎರಡು ಕಡೆ ಮಾತ್ರ ಸಿಕ್ಕಿತು. ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಪಾಠವನ್ನು ಕಲಿತ ಮೇಲೆ ಸಂಘದ ಯಂತ್ರದ ವಿಷಯದಲ್ಲಿ ಒಂದು ನಿಯಮವನ್ನು ಮಾಡಿಕೊಂಡೆವು. ಹಳೆಯ ಡಿಸ್ಕಿನ ಮೇಲೆ ಒಂದು ಅಕ್ಷರವನ್ನೂ ಬರೆಯತಕ್ಕದ್ದಲ್ಲ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಹಳೆಯ ಡಿಸ್ಕನ್ನು ಹೊರತೆಗೆದು, ಅದರ ಮೇಲೆ ತಾರೀಖಿನ ಚೀಟಿ ಅಂಟಿಸಿ, ಸಂಘದ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಖಾಲಿಯಾದ ಜಾಗದಲ್ಲಿ ಹೊಸ ಎಸ್.ಎಸ್.ಡಿ. ಕೂತಿತು. ಹೊಸ ಡಿಸ್ಕು ಹಾಕಲಾರದವರು ಹೊರಗಿನ ಬೇರೊಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಆ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ, ಆಮೇಲೆ ಮುಂದುವರಿಯಬೇಕು. ನಕಲಾಯಿತೆಂದು ನಂಬುವುದು ಬೇರೆ, ತೆರೆದು ನೋಡುವುದು ಬೇರೆ.

ಮುಂದಿನ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮಿಂಟಿನವರ ಸ್ವಂತ ತಾಣದಿಂದಲೇ ಐ.ಎಸ್.ಓ. ಎಂಬ ಕಡತವನ್ನು ಇಳಿಸಿಕೊಳ್ಳಬೇಕು; ಅದು ಮೂರು ಜಿ.ಬಿ.ಯ ಆಸುಪಾಸಿನಲ್ಲಿರುತ್ತದೆ. ಅದರ ಜೊತೆಗೆ 64 ಅಕ್ಷರ ಅಂಕಿಗಳ ಒಂದು ಸರಣಿಯನ್ನು ಅವರು ಪ್ರಕಟಿಸಿರುತ್ತಾರೆ. ನಮ್ಮ ಕಡತಕ್ಕೂ ಅದೇ ಸರಣಿ ಬರುತ್ತದೆಯೇ ಎಂದು ತಾಳೆ ನೋಡಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ಆ ಕಡತ ಬೇಡ. ಚೆಕ್ಕಿನ ಸಹಿ ಹೊಂದದಿದ್ದರೆ ಹಣ ಕೊಡುವುದುಂಟೇ? ಆಮೇಲೆ ಎಂಟು ಜಿ.ಬಿ.ಯ ಪೆನ್‌ಡ್ರೈವಿಗೆ ಎಚರ್ ಅಥವಾ ರೂಫಸ್ ಎಂಬ ಸಾಧನದಿಂದ ಅದನ್ನು ಬರೆಯಬೇಕು. ಸುಮ್ಮನೆ ನಕಲು ಮಾಡಿದರೆ ನಡೆಯದು. ಹೀಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಬಾರದು.

ಪೆನ್‌ಡ್ರೈವನ್ನು ಚುಚ್ಚಿ, ಯಂತ್ರ ಹೊತ್ತಿಕೊಳ್ಳುವಾಗ ಎಫ್12, ಎಫ್9, ಎಸ್ಕೇಪ್ ಇವುಗಳಲ್ಲಿ ತಮ್ಮ ಯಂತ್ರಕ್ಕೆ ಯಾವುದೋ ಅದನ್ನು ಒತ್ತಿದರೆ, ಎಲ್ಲಿಂದ ಆರಂಭಿಸಬೇಕೆಂದು ಅದು ಕೇಳುತ್ತದೆ. ಪೆನ್‌ಡ್ರೈವ್ ಎಂದು ಹೇಳಬೇಕು. ಆಗ ಲಿನಕ್ಸು ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ಇದು ಬಹಳ ದೊಡ್ಡ ಅನುಕೂಲ. ಹೆಣ್ಣು ಗಂಡಿನವರು ಒಬ್ಬರ ಮನೆಗೊಬ್ಬರು ಹೋಗಿ ನೋಡಿ ಬರುವಂತೆ, ಏನನ್ನೂ ಒಪ್ಪಿಕೊಳ್ಳದೆ ಒಂದು ಸಂಜೆಯೆಲ್ಲ ಪರೀಕ್ಷಿಸಬಹುದು. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮರಾ ಕಾಣುತ್ತದೆಯೇ, ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ? ನಮ್ಮದರಲ್ಲಿ ವೈಫೈ ಹಿಡಿಯಲಿಲ್ಲ. ಕೆಲವು ಹಳೆಯ ವೈಫೈ ಚಿಪ್ಪುಗಳಿಗೆ ಬೇರೆಯಾಗಿ ಡ್ರೈವರು ಬೇಕಾಗುತ್ತದೆ, ಡ್ರೈವರು ಬೇಕಾದರೆ ಇಂಟರ್‌ನೆಟ್ಟು ಬೇಕು, ಇಂಟರ್‌ನೆಟ್ಟಿಗೆ ವೈಫೈ ಬೇಕು! ಮೊಬೈಲನ್ನು ತಂತಿಯಿಂದ ಜೋಡಿಸಿ, ಅದರ ಇಂಟರ್‌ನೆಟ್ಟನ್ನು ಯಂತ್ರಕ್ಕೆ ಕೊಟ್ಟು, ಮಿಂಟಿನ ‘ಡ್ರೈವರ್ ಮ್ಯಾನೇಜರ್’ ತೆರೆದಾಗ ಬೇಕಾದದ್ದು ಸಿಕ್ಕಿತು.

ಎಲ್ಲ ಸರಿಯೆಂದು ಕಂಡ ಮೇಲೆ ಇನ್‌ಸ್ಟಾಲಿನ ಚಿಹ್ನೆಯನ್ನು ಒತ್ತಬೇಕು. ಭಾಷೆ, ಕೀಬೋರ್ಡು, ಸಮಯ, ಹೆಸರು, ಗುಪ್ತಪದ ಇವೆಲ್ಲ ಸುಲಭ. ಒಂದೇ ಒಂದು ಪರದೆಯಲ್ಲಿ ಮಾತ್ರ ಕೈಯನ್ನು ಮೌಸಿನಿಂದ ತೆಗೆದು, ಎದ್ದು ಹೋಗಿ, ನೀರು ಕುಡಿದು ಬಂದು, ಮತ್ತೊಮ್ಮೆ ಓದಬೇಕು. ವಿಂಡೋಸಿನ ಪಕ್ಕದಲ್ಲಿಯೇ ಹಾಕಬೇಕೋ, ಡಿಸ್ಕನ್ನು ಪೂರ್ತಿ ಅಳಿಸಿ ಹಾಕಬೇಕೋ, ವಿಭಾಗಗಳನ್ನು ನೀವೇ ಗೊತ್ತುಮಾಡುತ್ತೀರೋ ಎಂದು ಕೇಳುವ ಪರದೆ ಅದು. ಖಾಲಿ ಡಿಸ್ಕಾದ್ದರಿಂದ ನಾವು ಈ ಸಲ ‘ಇರೇಸ್ ಡಿಸ್ಕ್’ ಎಂಬುದನ್ನೇ ಒತ್ತಿದೆವು. ಕೈ ಸ್ವಲ್ಪ ನಡುಗಿತೆಂದು ಹೇಳಲು ನಾಚಿಕೆಯಿಲ್ಲ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ಮೊದಲು ಚಹಾದ ಹೊತ್ತನ್ನೆಲ್ಲ ತಿನ್ನುತ್ತಿದ್ದ ಯಂತ್ರ ಈಗ ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಅಪ್‌ಡೇಟುಗಳನ್ನು ಹಾಕಿ, ಕೆಟ್ಟರೆ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಎಂಬುದನ್ನು ಹೊಂದಿಸಿಟ್ಟೆವು. ಅದು ವ್ಯವಸ್ಥೆಯನ್ನು ಕಾಯುತ್ತದೆಯೇ ಹೊರತು ನಾವು ಬರೆದ ಕಡತಗಳನ್ನಲ್ಲ. ಅವುಗಳ ನಕಲನ್ನು ನಾವೇ ಬೇರೆ ಇಡಬೇಕು.

ಇಲ್ಲಿಗೆ ಮುಗಿಯಿತೆಂದು ನಾವೂ ತಿಳಿದಿದ್ದೆವು. ಮುಂದಿನ ಭಾನುವಾರ ಕಾರ್ಯದರ್ಶಿಗಳು “ಅಕ್ಕೋರ ಹಾಡುಗಳು ಎಲ್ಲಿ?” ಎಂದು ಕೇಳಿದರು.

ನಮ್ಮ ಭಾನುವಾರದ ತರಗತಿಯನ್ನು ವರ್ಷಗಟ್ಟಲೆ ನಡೆಸಿದ ಅಕ್ಕೋರನ್ನು ಇಲ್ಲಿ ಪರಿಚಯಿಸಬೇಕಾಗಿಲ್ಲ. ಈಗ ಅವರು ಧಾರವಾಡದಲ್ಲಿ ಮಗನ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ. ಮುಂಬಯಿಯ ಚಾಳುಗಳಲ್ಲಿದ್ದ ನಮ್ಮ ತಾಯಂದಿರ ಬಾಯಿಂದ ಬೀಸುವ ಕಲ್ಲಿನ ಪದ, ಸೋಬಾನೆ, ತೊಟ್ಟಿಲ ಹಾಡುಗಳನ್ನು ಕೇಳಿ ಕೇಳಿ ನುಡಿಯಲ್ಲಿ ಬೆರಳಚ್ಚು ಮಾಡಿಟ್ಟವರು ಅವರು. ಹಾಡಿದವರಲ್ಲಿ ಅನೇಕರು ಈಗ ಇಲ್ಲ. ಸಮಿತಿಯವರು ಮೊದಲೇ ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದ ‘ಡಾಕ್ಯುಮೆಂಟ್ಸ್’ ಫೋಲ್ಡರಿನಲ್ಲಿ ಪಾಠಗಳಿದ್ದವು, ಪಟ್ಟಿಗಳಿದ್ದವು, ಹಾಡುಗಳಿರಲಿಲ್ಲ. ಫೋನು ಮಾಡಿದೆವು. “ಡಿ ಒಳಗ ನೋಡೀಯೇನಪಾ? ಹಾಡಿನ ಗಂಟು ನಾ ಅಲ್ಲೇ ಇಟ್ಟೇನಿ. ಸಿ ಒಳಗ ವೈರಸ್ ಬರತದಂತ ಯಾರೋ ಹೇಳಿದ್ರು” ಎಂದರು.

ಕಪಾಟಿನಿಂದ ಹಳೆಯ ಡಿಸ್ಕನ್ನು ತೆಗೆದು, ಅದನ್ನು ಯು.ಎಸ್.ಬಿ. ಡಬ್ಬಿಯಲ್ಲಿ ಕೂರಿಸಿ, ಹೊಸ ವ್ಯವಸ್ಥೆಗೆ ಜೋಡಿಸಿದೆವು. ಲಿನಕ್ಸು ವಿಂಡೋಸಿನ ವಿಭಾಗಗಳನ್ನು ಓದಬಲ್ಲದು. ‘ಡಿ’ಯಲ್ಲಿ ಹಾಡಿನ ಗಂಟು ಇತ್ತು. ನಮ್ಮ ಮನೆಯಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಿದ್ದರೆ ಆ ಗಂಟು ಅಳಿದುಹೋಗಿರುತ್ತಿತ್ತು.

ಆದರೆ ಕಡತವನ್ನು ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಕೊಂಬು, ಟೋಪಿ, ಚುಕ್ಕೆ. ನಡುನಡುವೆ ಪೌಂಡಿನ ಗುರುತು. ನಮ್ಮೊಡನಿದ್ದ ತರುಣರೊಬ್ಬರು “ಫೈಲು ಕೆಟ್ಟಿದೆ, ಅಳಿಸಿಬಿಡೋಣ” ಎಂದರು. ನಾವು ಅಂಕಿಗಳ ಸಾಲನ್ನು ನೋಡಿ ನೋಡಿ ಪಳಗಿದವರು. ಆ ಗೋಜಲಿನಲ್ಲಿ ಪ್ರತಿ ಎರಡು ಸಾಲಿಗೊಮ್ಮೆ ಕೊನೆಯ ಒಂಬತ್ತು ಹತ್ತು ಚಿಹ್ನೆಗಳು ಅದೇ ಕ್ರಮದಲ್ಲಿ ಮರಳಿ ಬರುತ್ತಿದ್ದುದು ಕಣ್ಣಿಗೆ ಬಿತ್ತು. ಅದು ಸೋಬಾನೆಯ ಸೊಲ್ಲು. ಕೆಟ್ಟ ಕಡತದಲ್ಲಿ ಸೊಲ್ಲು ಅಷ್ಟು ಕ್ರಮವಾಗಿ ಮರಳಿ ಬರುವುದಿಲ್ಲ.

ಕಾರಣ ಆಮೇಲೆ ತಿಳಿಯಿತು. ಹಿಂದಿನ ನುಡಿ, ಬರಹ ಮುಂತಾದವುಗಳಲ್ಲಿ ಬರೆದ ಕನ್ನಡವು ಯಂತ್ರದ ಒಳಗೆ ಕನ್ನಡವಾಗಿ ಇರುತ್ತಿರಲಿಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಅಕ್ಷರಗಳ ಚಿತ್ರವನ್ನು ಹೊದಿಸಿದ ಫಾಂಟಿನಿಂದ ಕನ್ನಡದಂತೆ ಕಾಣುತ್ತಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಹೊದಿಕೆ ಜಾರಿಹೋಗುತ್ತದೆ. ಯೂನಿಕೋಡಿನಲ್ಲಾದರೋ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಕೇತವಿದೆ. ಯಾವ ಯಂತ್ರದಲ್ಲಿ ತೆರೆದರೂ ಅದು ಕನ್ನಡವೇ. ಹಳೆಯ ಡಿಸ್ಕಿನಲ್ಲಿದ್ದ ನುಡಿಯ ಫಾಂಟನ್ನು ತಂದು ಹಾಕಿದೊಡನೆ ಹಾಡುಗಳು ಪರದೆಯ ಮೇಲೆ ಮೂಡಿದವು. ಒಟ್ಟು ನೂರ ನಲವತ್ತಕ್ಕೂ ಮೇಲೆ. ಆಮೇಲೆ ಅವನ್ನೆಲ್ಲ ಪರಿವರ್ತಕದ ಮೂಲಕ ಯೂನಿಕೋಡಿಗೆ ತಿರುಗಿಸಿದೆವು. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಉಳಿಯಿತು. ಅದನ್ನು ತಿದ್ದಲು ಒಂದು ಉಪಾಯ ಮಾಡಿದೆವು. ಭಾನುವಾರದ ಮಕ್ಕಳು ಒಬ್ಬೊಬ್ಬರಾಗಿ ಫೋನಿನಲ್ಲಿ ಅಕ್ಕೋರಿಗೆ ಹಾಡನ್ನು ಓದಿ ಹೇಳುವುದು, ಅವರು ಕೇಳಿ ತಿದ್ದುವುದು. ಮರಾಠಿ ಶಾಲೆಗೂ ಇಂಗ್ಲಿಷ್ ಶಾಲೆಗೂ ಹೋಗುವ ಮಕ್ಕಳು, ಕಣ್ಣು ಕಾಣದ ಗುರುಗಳಿಗೆ ಕನ್ನಡವನ್ನು ಓದಿ ಹೇಳುತ್ತಿದ್ದಾರೆ. “ಬೀಸುವ ಕಲ್ಲು ಅಂದರೆ ಏನು, ಅಜ್ಜಿ?” ಎಂದು ಒಂದು ಮಗು ಕೇಳಿತು. ಅಂದಿನ ಪಾಠ ಅರ್ಧ ಗಂಟೆ ಹೆಚ್ಚಾಯಿತು.

ಕನ್ನಡದಲ್ಲಿ ಬರೆಯುವ ವಿಷಯಕ್ಕೆ ಒಂದು ಮಾತು. ಲಿನಕ್ಸಿನ ಕೀಬೋರ್ಡಿನ ಪಟ್ಟಿಯಲ್ಲಿ ‘ಕಗಪ’ ಎಂಬ ಕನ್ನಡ ವಿನ್ಯಾಸ ಮೊದಲಿನಿಂದಲೇ ಸೇರಿದೆ. ಕಗಪ ಎಂದರೆ ನುಡಿಯನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತು. ಆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. ನುಡಿಯಲ್ಲಿ ಕೈ ಪಳಗಿದವರಿಗೆ ಇದು ಹೊಸದೆನಿಸುವುದಿಲ್ಲ. ಗುಬ್ಬಿ, ನವಿಲು ಎಂಬ ಅಂದವಾದ ಹೆಸರುಗಳ ಕನ್ನಡ ಫಾಂಟುಗಳೂ ಉಚಿತವಾಗಿ ದೊರೆಯುತ್ತವೆ. ನಮ್ಮ ಸಂಘದ ಹಿರಿಯರೊಬ್ಬರು ಮೊದಲ ದಿನ ಅನುಮಾನಪಡುತ್ತ ಕೂತು, ತಮ್ಮ ಊರಿನ ಹೆಸರನ್ನು ಬರೆದು ನೋಡಿ, “ಬರತದಲ್ಲಾ!” ಎಂದು ಎದ್ದರು.

ಮಹನೀಯರೇ, ಹೊಸ ಯಂತ್ರವನ್ನು ಕೊಳ್ಳಬೇಡಿರೆಂದು ನಾವು ಹೇಳುತ್ತಿಲ್ಲ. ಬ್ಯಾಟರಿ ಉಬ್ಬಿದ, ಬಿರುಕುಬಿಟ್ಟ, ಪ್ರಾಣಬಿಟ್ಟ ಯಂತ್ರಗಳಿಗೆ ಯಾವ ಲಿನಕ್ಸೂ ಸಂಜೀವಿನಿಯಲ್ಲ. ನಮ್ಮ ಬಿನ್ನಹ ಇಷ್ಟೆ. ತಮ್ಮ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ, ಹಳೆಯ ಲ್ಯಾಪ್‌ಟಾಪೊಂದು ಬಿದ್ದಿದ್ದರೆ ಭಂಗಾರದವನನ್ನು ಕೂಗುವ ಮೊದಲು ಅದರೊಳಗೆ ಏನಿದೆಯೆಂದು ಒಮ್ಮೆ ನೋಡಿರಿ. ‘ಸಿ’ಯನ್ನೂ ನೋಡಿರಿ, ‘ಡಿ’ಯನ್ನೂ ನೋಡಿರಿ. ಓದಲು ಬಾರದ ಗೋಜಲು ಅಕ್ಷರಗಳು ಕಂಡರೆ ಅಳಿಸಬೇಡಿರಿ. ಅದು ತಮ್ಮ ತಾಯಿಯವರು ಹೇಳಿ ಬರೆಸಿದ ಹಾಡಿರಬಹುದು, ತಂದೆಯವರು ಬರೆದಿಟ್ಟ ನಾಲ್ಕು ಪುಟವಿರಬಹುದು. ಪ್ರತಿ ತಿಂಗಳ ಎರಡನೆಯ ಭಾನುವಾರ ತರಗತಿ ಮುಗಿದ ಮೇಲೆ ನಾವು ಕಚೇರಿಯಲ್ಲಿರುತ್ತೇವೆ. ಯಂತ್ರವನ್ನೂ, ಒಂದು ಖಾಲಿ ಪೆನ್‌ಡ್ರೈವನ್ನೂ, ಸಾಧ್ಯವಾದರೆ ನಕಲಿಗೆ ಇನ್ನೊಂದು ಡಿಸ್ಕನ್ನೂ ತನ್ನಿರಿ. ಚಹಾ ಸಂಘದ್ದು.

ಅಕ್ಕೋರ ಹಾಡುಗಳಲ್ಲಿ ಇನ್ನೂ ಮೂವತ್ತರಷ್ಟು ತಿದ್ದುವುದು ಬಾಕಿ ಇದೆ. ಓದಿ ಹೇಳಬಲ್ಲ ಮಕ್ಕಳಿದ್ದರೆ ಕಳಿಸಿಕೊಡಬೇಕೆಂದು ಬೇಡಿಕೊಳ್ಳುತ್ತೇವೆ.